ಗ್ಯಾಲೆನನ ಪ್ರಯೋಗ

ಗ್ಯಾಲೆನನು ಕ್ರಿ. ಶ. 129ರಲ್ಲಿ ಪೆರ್ಗಮಮ್ ನಗರದ ವಾಸ್ತುಶಿಲ್ಪಿಯೊಬ್ಬನ ಮಗನಾಗಿ ಜನಿಸಿದನು. ಅಲ್ಲಿನ ಖಡ್ಗಮಲ್ಲರ ಗಾಯಗಳಿಗೆ ಚಿಕಿತ್ಸೆ ಮಾಡಿ ಪಳಗಿದ ಈ ಗ್ರೀಕ್ ವೈದ್ಯನು 162ರಲ್ಲಿ ರೋಮಿಗೆ ಬಂದನು. ಮುಂದೆ ಚಕ್ರವರ್ತಿ ಮಾರ್ಕಸ್ ಅರೇಲಿಯಸನ ವೈದ್ಯನಾದನು.

ಕುಡಿದ ನೀರು ಆವಿಯಾಗಿ ನೇರವಾಗಿ ಮೂತ್ರಕೋಶವನ್ನು ಸೇರುವುದೆಂದು ಆಸ್ಕ್ಲೆಪಿಯಾಡೀಸನ ಅನುಯಾಯಿಗಳು ವಾದಿಸುತ್ತಿದ್ದರು. ಗ್ಯಾಲೆನನು ಪ್ರಯೋಗದಿಂದ ಉತ್ತರ ಕೊಟ್ಟನು. ಜೀವಂತ ಪ್ರಾಣಿಯ ಉದರವನ್ನು ತೆರೆದು, ಮೂತ್ರಪಿಂಡಗಳಿಂದ ಇಳಿಯುವ ಎರಡು ನಾಳಗಳನ್ನೂ ಬಿಗಿದು ಕಟ್ಟಿದನು. ನಾಳಗಳು ಉಬ್ಬಿದವು, ಮೂತ್ರಕೋಶವು ಬರಿದಾಗಿಯೇ ಉಳಿಯಿತು. ಗಂಟು ಬಿಚ್ಚಿದಾಗ ಅದು ತುಂಬಿತು. ಮೂತ್ರವು ಬರುವುದು ಮೂತ್ರಪಿಂಡಗಳಿಂದಲೇ ಎಂಬುದು ಸಿದ್ಧವಾಯಿತು. ಅರಿವಳಿಕೆಯಿಲ್ಲದ ಆ ಕಾಲದಲ್ಲಿ ಆ ಮೂಕಜೀವಿ ತೆತ್ತ ಬೆಲೆಯನ್ನು ನಾವು ಮರೆಯಲಾಗದು.

ಆಹಾರವು ಯಕೃತ್ತಿನಲ್ಲಿ ರಕ್ತವಾಗುವುದೆಂಬ ಅವನ ಇನ್ನೊಂದು ಮಾತು ತಪ್ಪಾಗಿತ್ತು. ಆದರೂ ಸಾವಿರ ವರ್ಷಗಳಿಗೂ ಮಿಕ್ಕಿ ಲೋಕವು ಅದನ್ನು ನಂಬಿತು. ಪರೀಕ್ಷಿಸಿ ನೋಡಿದವನ ಮಾತನ್ನು ಪರೀಕ್ಷಿಸದೆಯೇ ಒಪ್ಪಿದ್ದು ವಿಧಿಯ ವಿಪರ್ಯಾಸವಲ್ಲವೇ?