ತಡವಾಗಿ ತಿಳಿದ ತ್ಯಾಗ

ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರು 1932ರಲ್ಲಿ ಜನಿಸಿ, 1954ರಲ್ಲಿ ವಾಯುಪಡೆ ಸೇರಿದರು. 1965ರ ಯುದ್ಧ ಬಂದಾಗ ಕಿರಿಯರಿಗೆ ವಿಮಾನ ಹಾರಿಸಲು ಕಲಿಸುವ ಶಿಕ್ಷಕರಾಗಿದ್ದರು. ಸೆಪ್ಟೆಂಬರ್ 7ರ ಮುಂಜಾನೆ ಪಾಕಿಸ್ತಾನದ ಸರ್ಗೋಧಾ ವಿಮಾನನೆಲೆಯ ಮೇಲಿನ ದಾಳಿಯಲ್ಲಿ ಅವರದು ಮೀಸಲು ಸ್ಥಾನ. ತಂಡದಲ್ಲಿ ಜಾಗ ತೆರವಾದಾಗ ತಾವೇ ಹೊರಟರು.

ಹಿಂದಿರುಗುವಾಗ ಶಬ್ದಕ್ಕಿಂತ ವೇಗವಾಗಿ ಹಾರಬಲ್ಲ ಸ್ಟಾರ್‌ಫೈಟರ್ ವಿಮಾನ ಎರಗಿತು. ತಮ್ಮ ಹಳೆಯ ಮಿಸ್ಟೇರ್ ವಿಮಾನಕ್ಕೆ ಪೆಟ್ಟು ಬಿದ್ದಿದ್ದರೂ ದೇವಯ್ಯನವರು ಓಡದೆ ಎದುರಿಸಿ, ಅದನ್ನು ಕೆಡವಿದರು. ಆ ವಿಮಾನದ ಚಾಲಕ ಬದುಕಿಕೊಂಡ, ದೇವಯ್ಯನವರು ಮರಳಲಿಲ್ಲ.

ಸಂಗಡಿಗರಾರೂ ಅದನ್ನು ಕಂಡಿರಲಿಲ್ಲ. ಅವರು ಕಾಣೆಯಾದರೆಂದಷ್ಟೇ ಮನೆಗೆ ತಿಳಿಯಿತು. 1979ರಲ್ಲಿ ಆಂಗ್ಲ ಲೇಖಕರೊಬ್ಬರು ಪಾಕಿಸ್ತಾನದ ಕಡೆಯ ವಿವರ ಬರೆದಾಗ ನಿಜ ಹೊರಬಿತ್ತು. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಸಂದಿತು. ಅವರ ಸಾಹಸಕ್ಕೆ ಸಾಕ್ಷಿ ಸಿಕ್ಕಿದ್ದು ಎದುರಾಳಿಯ ಕಡೆಯಿಂದಲೇ!