ಸೊನ್ನಲಿಗೆಯ ಕರ್ಮಯೋಗಿ ಸಿದ್ಧರಾಮರು

ಸೊಲ್ಲಾಪುರ ನಗರದ ನಡುವೆ, ಹಳೆಯ ಕೋಟೆಯ ಮಗ್ಗುಲಲ್ಲಿ, ವಿಸ್ತಾರವಾದ ಕೆರೆಯೊಂದಿದೆ. ನೀರಿನಿಂದ ಸುತ್ತುವರಿದ ಅಲ್ಲಿನ ದೇವಾಲಯದ ಆವರಣದಲ್ಲಿ ಶಿವಯೋಗಿ ಸಿದ್ಧರಾಮರ ಸಮಾಧಿಯಿದೆ. ಸಿದ್ಧೇಶ್ವರನೆಂದು ಅವರಿಗೆ ಕೈಮುಗಿಯುವವರಲ್ಲಿ ಮರಾಠಿಗರಿದ್ದಾರೆ, ತೆಲುಗರಿದ್ದಾರೆ, ಕನ್ನಡಿಗರಿದ್ದಾರೆ. ಆದರೆ ಆ ಮಹಾನುಭಾವರು ತಮ್ಮ ಅಂತರಂಗವನ್ನು ತೋಡಿಕೊಂಡ ಭಾಷೆ ಕನ್ನಡ. ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಅವರು ರಚಿಸಿದ ವಚನಗಳು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಇಂದಿಗೂ ಉಳಿದಿವೆ. 12ನೆಯ ಶತಮಾನದ ಶರಣರ ನಡುವೆ ಕರ್ಮಯೋಗಿ ಎಂಬ ಹೆಸರಿಗೆ ಪಾತ್ರರಾದವರು ಇವರೇ.

ಒಳ್ಳೆಯದನ್ನು ಮಾಡಿದವನಿಗೆ ಒಳ್ಳೆಯದಾಗುತ್ತದೆ, ಕೆಟ್ಟದ್ದನ್ನು ಮಾಡಿದವನು ಅದರ ಫಲವನ್ನು ಉಣ್ಣಲೇಬೇಕು ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಹಿರಿಯರು ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ. ಕರ್ಮಸಿದ್ಧಾಂತದ ಸರಳ ರೂಪವಿದು. ಸಿದ್ಧರಾಮರ ಬದುಕು ಅದಕ್ಕಿಂತ ಕಠಿಣವಾದ ಪ್ರಶ್ನೆಯೊಂದನ್ನು ಮುಂದಿಡುತ್ತದೆ. ಕೆಟ್ಟ ಕರ್ಮವು ಮನುಷ್ಯನನ್ನು ಕಟ್ಟಿಹಾಕುವುದು ಸರಿಯೇ. ಒಳ್ಳೆಯ ಕರ್ಮವೂ ಅವನನ್ನು ಕಟ್ಟಿಹಾಕಬಲ್ಲದೆ?

ಸೊಲ್ಲಾಪುರಕ್ಕೆ ಅಂದು ಸೊನ್ನಲಿಗೆ ಎಂಬ ಹೆಸರು. ಅಲ್ಲಿನ ಮುದ್ದುಗೌಡ ಮತ್ತು ಸುಗ್ಗಲೆ ದಂಪತಿಗಳ ಮಗನಾಗಿ ಸಿದ್ಧರಾಮರು ಜನಿಸಿದರು. ಹರಿಹರನ ಸೋದರಳಿಯನಾದ ಕವಿ ರಾಘವಾಂಕನು ಅವರ ಬದುಕನ್ನೇ ವಸ್ತುವಾಗಿಸಿಕೊಂಡು ಷಟ್ಪದಿಯಲ್ಲಿ ಸಿದ್ಧರಾಮ ಚಾರಿತ್ರವೆಂಬ ಕಾವ್ಯವನ್ನು ಬರೆದನು. ಸಂಪ್ರದಾಯದ ಕಥೆಯ ಪ್ರಕಾರ ಬಾಲಕ ಸಿದ್ಧರಾಮನು ಮಾತು ಕಡಿಮೆಯ, ಲೋಕದ ಗೊಡವೆಯಿಲ್ಲದ ಹುಡುಗ. ಜನರ ಕಣ್ಣಿಗೆ ಮಂದಮತಿ. ಅವನ ಪಾಲಿಗೆ ಬಂದ ಕೆಲಸ ದನ ಕಾಯುವುದು, ಹೊಲ ಕಾಯುವುದು.

ಒಂದು ದಿನ ಹೊಲಕ್ಕೆ ಜಂಗಮನೊಬ್ಬನು ಬಂದನು. ತನ್ನ ಹೆಸರು ಮಲ್ಲಯ್ಯ, ತನ್ನ ಊರು ಶ್ರೀಶೈಲ ಎಂದು ತಿಳಿಸಿ, ತೆನೆಯನ್ನು ಬೇಡಿ ತಿಂದು, ಮೊಸರನ್ನವನ್ನು ಬಯಸಿದನು. ಹುಡುಗನು ಮನೆಗೆ ಓಡಿ ಅನ್ನವನ್ನು ತರುವಷ್ಟರಲ್ಲಿ ಜಂಗಮನು ಮರೆಯಾಗಿದ್ದನು. ಹಸಿದವನಿಗೆ ಉಣಬಡಿಸಲಾಗಲಿಲ್ಲವೆಂಬ ಸಂಕಟದಲ್ಲಿ ಮಲ್ಲಯ್ಯನ ಹೆಸರನ್ನು ಕೂಗುತ್ತ ಅವನು ಯಾತ್ರಿಕರ ಗುಂಪಿನೊಡನೆ ಶ್ರೀಶೈಲದವರೆಗೂ ನಡೆದನು. ಅಲ್ಲಿ ಶಿಲೆಯ ಮಲ್ಲಿಕಾರ್ಜುನನನ್ನು ತೋರಿಸಿದವರ ಮಾತನ್ನು ಒಪ್ಪಲಿಲ್ಲ. ಅವನಿಗೆ ಬೇಕಾಗಿದ್ದುದು ತನ್ನೊಡನೆ ಮಾತನಾಡಿದ ಮಲ್ಲಯ್ಯ. ಕೊನೆಗೆ ಆಳವಾದ ಕಮರಿಗೆ ಹಾರಲು ಸಿದ್ಧನಾದಾಗ ಮಲ್ಲಿಕಾರ್ಜುನನೇ ಪ್ರತ್ಯಕ್ಷನಾಗಿ ಕೈಹಿಡಿದು ತಡೆದನೆಂದೂ, ಸೊನ್ನಲಿಗೆಗೆ ಮರಳಿ ಅದನ್ನು ಇನ್ನೊಂದು ಶ್ರೀಶೈಲವನ್ನಾಗಿ ಮಾಡೆಂದು ಅಪ್ಪಣೆಯಿತ್ತನೆಂದೂ ಕಥೆ ಹೇಳುತ್ತದೆ.

ಊರಿಗೆ ಮರಳಿದ ಸಿದ್ಧರಾಮರು ಆ ಅಪ್ಪಣೆಯನ್ನು ಅಕ್ಷರಶಃ ನೆರವೇರಿಸಿದರು. ಊರಿನಲ್ಲಿಯೂ ಸುತ್ತಲಿನ ನೆಲದಲ್ಲಿಯೂ 68 ಲಿಂಗಗಳು ಪ್ರತಿಷ್ಠೆಗೊಂಡವು. ದೇವಾಲಯವು ಎದ್ದಿತು. ದಾರಿಹೋಕರಿಗೂ ಬಡವರಿಗೂ ಅನ್ನಸತ್ರಗಳು ನಡೆದವು. ಎಲ್ಲಕ್ಕಿಂತ ಮಿಗಿಲಾದುದು ಕೆರೆಯ ಕೆಲಸ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಮಳೆ ಇಂದಿಗೂ ನಂಬಿಕೆಗೆ ಅರ್ಹವಾದುದಲ್ಲ. ಅಂತಹ ನೆಲದಲ್ಲಿ ಕೆರೆಯನ್ನು ತೋಡುವುದೆಂದರೆ ಊರಿಗೆ ಜೀವ ಕೊಟ್ಟಂತೆ. ಮಣ್ಣು ಅಗೆಯುವವರು, ಕಲ್ಲು ಒಡೆಯುವವರು ನೂರಾರು ಸಂಖ್ಯೆಯಲ್ಲಿ ಬಂದು ಸೇರಿದರು. ಸಿದ್ಧರಾಮರು ಅವರ ನಡುವೆಯೇ ಬದುಕಿದರು. ಮಣ್ಣುಕಲ್ಲುಗಳ ಕಾಯಕವನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದ ಭೋವಿ ಸಮುದಾಯವು ಇಂದಿಗೂ ಸಿದ್ಧರಾಮರನ್ನು ತನ್ನ ಕುಲಗುರುವೆಂದು ಆರಾಧಿಸುತ್ತದೆ.

ಲೋಕದ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಪುಣ್ಯವಿಲ್ಲ. ಕಥೆ ಇಲ್ಲಿಗೇ ಮುಗಿದಿದ್ದರೆ ಸಿದ್ಧರಾಮರು ಧರ್ಮಾತ್ಮರೊಬ್ಬರಾಗಿ ಮಾತ್ರ ನೆನಪಿನಲ್ಲಿ ಉಳಿಯುತ್ತಿದ್ದರು. ಆದರೆ ಸೊನ್ನಲಿಗೆಗೆ ಅಲ್ಲಮಪ್ರಭುಗಳು ಬಂದರು.

ಶೂನ್ಯಸಂಪಾದನೆಯು ಈ ಭೇಟಿಯನ್ನು ವಿವರವಾಗಿ ಚಿತ್ರಿಸುತ್ತದೆ. ಕೆರೆಯ ಕೆಲಸ ಭರದಿಂದ ಸಾಗಿರುವಲ್ಲಿಗೆ ಬಂದ ಪ್ರಭುಗಳು, ಸಿದ್ಧರಾಮರನ್ನು ಗುರುವೆಂದು ಕರೆಯದೆ ಮಣ್ಣು ಹೊರುವವರ ಒಡೆಯನೆಂಬಂತೆ ಹಗುರವಾಗಿ ಹೆಸರಿಸಿ ವಿಚಾರಿಸಿದರು. ತಮ್ಮ ಗುರುವಿಗಾದ ಅವಮಾನವನ್ನು ಸಹಿಸದ ಕೆಲಸಗಾರರು ಕಲ್ಲುಗಳನ್ನು ಎಸೆದರು. ಆ ಕಲ್ಲುಗಳು ಪ್ರಭುಗಳನ್ನು ಮುಟ್ಟದೆ ಸುತ್ತಲೂ ರಾಶಿಯಾಗಿ ಬಿದ್ದವು. ಸುದ್ದಿ ತಿಳಿದ ಸಿದ್ಧರಾಮರು ಕೋಪದಿಂದ ಧಾವಿಸಿ ಬಂದು ತಮ್ಮ ಹಣೆಗಣ್ಣನ್ನು ತೆರೆದರು. ಅದರಿಂದ ಹೊಮ್ಮಿದ ಬೆಂಕಿ ಪ್ರಭುಗಳನ್ನು ಸುಡಲಿಲ್ಲ. ಅವರ ಪಾದದಲ್ಲಿ ಅಡಗಿಹೋಯಿತು.

ಇದನ್ನು ಪವಾಡವೆಂದು ನಂಬಬಹುದು, ರೂಪಕವೆಂದೂ ಓದಬಹುದು. ಹೇಗೆ ಓದಿದರೂ ಅದರ ಅರ್ಥ ಸ್ಪಷ್ಟ. ಸಾವಿರಾರು ಜನರಿಗೆ ನೀರು ಕೊಡಲು ಹೊರಟವರ ಎದೆಯಲ್ಲಿ ಬೆಂಕಿ ಇನ್ನೂ ಉಳಿದಿತ್ತು. ಒಂದು ಹಗುರವಾದ ಮಾತು ಅದನ್ನು ಹೊತ್ತಿಸಿತು. ಕೆರೆ ಆಳವಾಗುತ್ತಿದ್ದಂತೆ, ಗುಡಿ ಎತ್ತರವಾಗುತ್ತಿದ್ದಂತೆ, ಇದನ್ನು ಮಾಡಿದವನು ನಾನು ಎಂಬ ಭಾವವೂ ಅರಿವಿಗೆ ಬಾರದಂತೆ ಬೆಳೆದಿತ್ತು. ಪ್ರಭುಗಳ ಆಕ್ಷೇಪವಿದ್ದುದು ಈ ಭಾವಕ್ಕೆ. ಕಟ್ಟಿದ ಗುಡಿ ಒಂದು ದಿನ ಬೀಳುತ್ತದೆ, ತೋಡಿದ ಕೆರೆಯಲ್ಲಿ ಹೂಳು ತುಂಬುತ್ತದೆ. ಫಲವನ್ನು ಬಯಸಿ ಮಾಡಿದ ಪುಣ್ಯವು ಫಲವನ್ನು ಕೊಟ್ಟು ತೀರಿಹೋಗುತ್ತದೆ. ಮಾಡಿದವನು ಮತ್ತೆ ಅದೇ ಸುತ್ತಿನಲ್ಲಿ ಉಳಿಯುತ್ತಾನೆ. ಕಬ್ಬಿಣದ ಸರಪಳಿಯಾಗಲಿ ಚಿನ್ನದ ಸರಪಳಿಯಾಗಲಿ, ಕಾಲಿಗೆ ಬಿದ್ದ ಮೇಲೆ ಎರಡೂ ಒಂದೇ.

ಸಿದ್ಧರಾಮರ ನಿಜವಾದ ಹಿರಿಮೆ ಇಲ್ಲಿಂದ ಮುಂದೆ ತೋರುತ್ತದೆ. ಕೀರ್ತಿಯ ಶಿಖರದಲ್ಲಿದ್ದವರು, ಸಾವಿರಾರು ಶಿಷ್ಯರ ಕಣ್ಣೆದುರಿನಲ್ಲಿ, ತಮ್ಮನ್ನು ತಾವು ತಿದ್ದಿಕೊಳ್ಳಲು ಒಪ್ಪಿದರು. ಸುಲಭವಾಗಿಯೇನೂ ಅಲ್ಲ, ವಾದಿಸಿದರು, ಸಂದೇಹಪಟ್ಟರು, ಇಷ್ಟಲಿಂಗದ ಅಗತ್ಯವನ್ನೇ ಪ್ರಶ್ನಿಸಿದರು. ಕೊನೆಗೆ ಪ್ರಭುಗಳೊಡನೆ ಕಲ್ಯಾಣಕ್ಕೆ ತೆರಳಿ, ಅನುಭವಮಂಟಪದಲ್ಲಿ ಬಸವಣ್ಣನವರ ಸನ್ನಿಧಿಯನ್ನು ಕಂಡು, ವಯಸ್ಸಿನಲ್ಲಿ ಕಿರಿಯರಾದ ಚೆನ್ನಬಸವಣ್ಣನವರಿಂದ ದೀಕ್ಷೆಯನ್ನು ಪಡೆದರು. ಶರಣ ಪರಂಪರೆಯು ಅಲ್ಲಮಪ್ರಭು ಮತ್ತು ಚೆನ್ನಬಸವಣ್ಣನವರ ನಂತರ ಶೂನ್ಯಸಿಂಹಾಸನದ ಅಧಿಪತಿಯಾಗಿ ಅವರನ್ನು ಗೌರವಿಸುತ್ತದೆ.

ದೀಕ್ಷೆಯ ಅನಂತರ ಅವರು ಕರ್ಮವನ್ನು ತೊರೆದು ಗುಹೆಯನ್ನು ಸೇರಲಿಲ್ಲವೆಂಬುದನ್ನು ಮರೆಯಬಾರದು. ಶರಣರ ಕಾಯಕ ಮತ್ತು ದಾಸೋಹಗಳ ತಿರುಳೇ ಇದು. ಕೆಲಸವನ್ನು ಬಿಡುವುದಲ್ಲ, ಕೆಲಸದ ಮೇಲಿನ ಒಡೆತನವನ್ನು ಬಿಡುವುದು. ಕಲ್ಯಾಣದ ವಿಪ್ಲವದ ಬಳಿಕ ಶರಣರು ಚದುರಿಹೋದಾಗ ಸಿದ್ಧರಾಮರು ತಮ್ಮ ಸೊನ್ನಲಿಗೆಗೇ ಮರಳಿದರು. ತಾವು ತೋಡಿಸಿದ ಕೆರೆಯ ಬಳಿಯಲ್ಲಿಯೇ ಸಮಾಧಿಸ್ಥರಾದರು. ಮಣ್ಣಿನ ಕೆರೆಯಿಂದ ಮನಸ್ಸಿನ ಆಳಕ್ಕೆ ಇಳಿದ ಅವರ ಪಯಣದ ಗುರುತುಗಳು ಅವರ ವಚನಗಳಲ್ಲಿವೆ.

ಪ್ರತಿವರ್ಷ ಮಕರ ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದಲ್ಲಿ ಗಡ್ಡಾ ಯಾತ್ರೆ ನಡೆಯುತ್ತದೆ. ಏಳು ಎತ್ತರದ ನಂದಿಧ್ವಜಗಳು 68 ಲಿಂಗಗಳ ದರ್ಶನಕ್ಕೆ ಹೊರಡುತ್ತವೆ. ಸಿದ್ಧರಾಮರ ಯೋಗದಂಡದೊಡನೆ ಕುಂಬಾರ ಕನ್ಯೆಯ ವಿವಾಹವಾಯಿತೆಂಬ ಐತಿಹ್ಯವನ್ನು ನೆನೆದು ಅಕ್ಷತೆಯ ಸಮಾರಂಭ ಜರುಗುತ್ತದೆ. ಆ ಜನಸಾಗರದಲ್ಲಿ ಭಾಷೆಯ ಗಡಿಗಳು ಕಾಣುವುದಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರವು ಕರ್ನಾಟಕದ ಹೊರಗೆ ಉಳಿಯಿತು. ಆದರೂ ಅಲ್ಲಿನ ಕನ್ನಡ ಶಾಲೆಯ ಮಗು ಪಠ್ಯದಲ್ಲಿ ಸಿದ್ಧರಾಮರ ವಚನವನ್ನು ಓದುವಾಗ ದೂರದ ಊರಿನ ಕವಿಯನ್ನು ಓದುತ್ತಿಲ್ಲ. ತನ್ನ ಊರಿನವರೇ ಬಿಟ್ಟುಹೋದ ಮಾತನ್ನು ಅವರದೇ ಭಾಷೆಯಲ್ಲಿ ಓದುತ್ತಿದೆ.

ಮಕ್ಕಳಿಗೆ ಕರ್ಮದ ಪಾಠವನ್ನು ಹೇಳುವಾಗ ನಾವು ಸಾಮಾನ್ಯವಾಗಿ ಶಿಕ್ಷೆಯ ಭಯವನ್ನೋ ಬಹುಮಾನದ ಆಸೆಯನ್ನೋ ತೋರಿಸುತ್ತೇವೆ. ಸಿದ್ಧರಾಮರ ಕಥೆಯಲ್ಲಿ ಮೂರನೆಯ ದಾರಿಯೊಂದಿದೆ. ಶಾಲೆಯ ಗೋಡೆಗೆ ಬಣ್ಣ ಬಳಿಸಿದವರು, ಬಡ ಹುಡುಗನಿಗೆ ಪುಸ್ತಕ ಕೊಡಿಸಿದವರು, ಊರಿನ ಬಾವಿಯ ಹೂಳೆತ್ತಿಸಿದವರು ನಮ್ಮ ನಡುವೆ ಇದ್ದಾರೆ. ಫಲಕದಲ್ಲಿ ಹೆಸರು ಬರಲಿಲ್ಲವೆಂದು ಮುನಿಸಿಕೊಂಡವರೂ ಇದ್ದಾರೆ. ಮಾಡಿದ ಕೆಲಸದ ಫಲವು ಬಾಯಾರಿದವನಿಗೆ ನೀರಾಗಿ ಈಗಾಗಲೇ ಸಂದಿದೆ. ಅದಕ್ಕೂ ಮೇಲೆ ತನಗೇನು ಎಂದು ಕೇಳಿದಲ್ಲಿಂದ ಬಂಧನ ಮೊದಲಾಗುತ್ತದೆ. ಇದನ್ನು ಎಳೆಯ ವಯಸ್ಸಿನಲ್ಲಿಯೇ ಅರಿತ ಮಗು ಒಳ್ಳೆಯದನ್ನು ಮಾಡಲು ಯಾರ ಮೆಚ್ಚುಗೆಗೂ ಕಾಯುವುದಿಲ್ಲ.