ಜಾನ್ ಬನ್ಯನ್

ಜಾನ್ ಬನ್ಯನ್ (೧೬೨೮ – ಆಗಸ್ಟ್ ೩೧, ೧೬೮೮) ಇಂಗ್ಲೆಂಡಿನ ಲೇಖಕ ಮತ್ತು ಕ್ರೈಸ್ತ ಬೋಧಕ. ಸಂತ ಪೌಲನು ಎಫೆಸದ ಸಭೆಗೆ ಬರೆದ ಪತ್ರಿಕೆಯಲ್ಲಿ ವರ್ಣಿಸಿದ ದೇವರ ಸರ್ವಾಯುಧಗಳನ್ನು ಕಥೆಯ ರೂಪದಲ್ಲಿ ಸಾಮಾನ್ಯ ಓದುಗರಿಗೆ ತಲುಪಿಸಿದವರಲ್ಲಿ ಈತನು ಪ್ರಮುಖನು.

ಜೀವನ

ಬನ್ಯನ್ ಬೆಡ್‌ಫರ್ಡ್ ಸಮೀಪದ ಎಲ್‌ಸ್ಟೋ ಗ್ರಾಮದಲ್ಲಿ, ಲೋಹದ ಪಾತ್ರೆಗಳನ್ನು ದುರಸ್ತಿ ಮಾಡುವವನ ಮಗನಾಗಿ ಹುಟ್ಟಿದನು; ತಾನೂ ಅದೇ ಕಸುಬನ್ನು ಕಲಿತನು. ಅಂತರ್ಯುದ್ಧದ ಕಾಲದಲ್ಲಿ, ೧೬೪೪ರಲ್ಲಿ, ಪಾರ್ಲಿಮೆಂಟಿನ ಸೇನೆಯನ್ನು ಸೇರಿ ನ್ಯೂಪೋರ್ಟ್ ಪ್ಯಾಗ್ನೆಲ್‌ನ ಕಾವಲುಪಡೆಯಲ್ಲಿದ್ದನು. ಮುಂದೆ ಅವನು ಸೇರಿದ ಬೆಡ್‌ಫರ್ಡಿನ ಸ್ವತಂತ್ರ ಸಭೆಯ ಪಾಲಕ ಜಾನ್ ಗಿಫರ್ಡ್ ಮೊದಲು ಅರಸನ ಸೇನೆಯ ಅಧಿಕಾರಿಯಾಗಿದ್ದವನು. ಹೀಗೆ ಎದುರಾಳಿ ಸೇನೆಗಳ ಇಬ್ಬರು ಒಂದೇ ಸಭೆಯವರಾದರು.

೧೬೬೦ರಲ್ಲಿ ಅರಸೊತ್ತಿಗೆ ಮರಳಿ ಬಂದ ಮೇಲೆ, ಅಧಿಕೃತ ಚರ್ಚಿನ ಹೊರಗೆ ಉಪದೇಶ ಮಾಡುತ್ತಿದ್ದ ಕಾರಣಕ್ಕೆ ಅವನ ಬಂಧನವಾಯಿತು. ಉಪದೇಶ ನಿಲ್ಲಿಸುವೆನೆಂದು ಒಪ್ಪಿದ್ದರೆ ಬಿಡುಗಡೆ ಸಾಧ್ಯವಿತ್ತು, ಅವನು ಒಪ್ಪಲಿಲ್ಲ. ಸುಮಾರು ೧೨ ವರ್ಷ ಸೆರೆಯಲ್ಲಿದ್ದನು. ಅದರ ಬೆಲೆಯನ್ನು ಕುಟುಂಬವೂ ತೆರಬೇಕಾಯಿತು. ಮೊದಲ ಹೆಂಡತಿಯ ನಾಲ್ವರು ಮಕ್ಕಳಲ್ಲಿ ಹಿರಿಯಳಾದ ಮೇರಿ ಅಂಧಳಾಗಿದ್ದಳು. ಎರಡನೆಯ ಹೆಂಡತಿ ಎಲಿಜಬೆತ್ ೧೬೬೧ರಲ್ಲಿ ನ್ಯಾಯಾಧೀಶರ ಮುಂದೆ ನಿಂತು ವಾದಿಸಿದರೂ ಫಲ ಸಿಗಲಿಲ್ಲ. ಬನ್ಯನ್ ಸೆರೆಮನೆಯಲ್ಲಿಯೇ ಲೇಸುಗಳನ್ನು ತಯಾರಿಸಿ ಸಂಸಾರಕ್ಕೆ ನೆರವಾದನು. ಇನ್ನೂ ಕೈದಿಯಾಗಿದ್ದಾಗಲೇ, ೧೬೭೨ರ ಜನವರಿಯಲ್ಲಿ, ಸಭೆಯು ಅವನನ್ನು ತನ್ನ ಪಾಲಕನನ್ನಾಗಿ ಆರಿಸಿತು. ಅದೇ ವರ್ಷ ಅವನ ಬಿಡುಗಡೆಯಾಯಿತು.

ಆಯುಧಗಳ ಕಲ್ಪನೆ

'ದಿ ಪಿಲ್‌ಗ್ರಿಮ್ಸ್ ಪ್ರೋಗ್ರೆಸ್' ಕೃತಿಯ ಮೊದಲ ಭಾಗ (೧೬೭೮) ಕ್ರಿಶ್ಚಿಯನ್ ಎಂಬ ಯಾತ್ರಿಕನ ಕಥೆ. ದಾರಿಯ ಒಂದು ಮನೆಯಲ್ಲಿ ಅವನಿಗೆ ಆಯುಧಾಗಾರವನ್ನು ತೋರಿಸುತ್ತಾರೆ. ಅಲ್ಲಿ ಖಡ್ಗ, ಗುರಾಣಿ, ಶಿರಸ್ತ್ರಾಣ, ಎದೆಕವಚ, ಸವೆಯದ ಪಾದರಕ್ಷೆಗಳ ಜೊತೆಗೆ ಪ್ರಾರ್ಥನೆಯೂ ಆಯುಧಗಳ ಸಾಲಿನಲ್ಲಿದೆ. ನಕ್ಷತ್ರಗಳಷ್ಟು ಜನ ಬಂದರೂ ಸಾಲುವಷ್ಟು ಸಂಗ್ರಹ ಅದು. ಒಬ್ಬ ವೀರನಿಗಾಗಿ ಕಾದಿರಿಸಿದ್ದಲ್ಲ. ಬೆನ್ನಿಗೆ ಮಾತ್ರ ಕವಚವಿಲ್ಲ. ಆದುದರಿಂದ ಅಪೊಲ್ಯೊನ್ ಎಂಬ ದೈತ್ಯ ಎದುರಾದಾಗ ಓಡುವುದಕ್ಕಿಂತ ನಿಲ್ಲುವುದೇ ಕ್ಷೇಮವೆಂದು ಯಾತ್ರಿಕನು ತಿಳಿಯುತ್ತಾನೆ.

ಎರಡನೆಯ ಭಾಗದಲ್ಲಿ (೧೬೮೪) ಯಾತ್ರೆ ಗುಂಪಿನದಾಗುತ್ತದೆ. ಕ್ರಿಶ್ಚಿಯನ್ನನ ಹೆಂಡತಿ, ಮಕ್ಕಳು, ಊರುಗೋಲಿನವನು, ಅಳ್ಳೆದೆಯವನು ಎಲ್ಲರೂ ಅದರಲ್ಲಿದ್ದಾರೆ. ಶಸ್ತ್ರಧಾರಿಯಾದ ಗ್ರೇಟ್‌ಹಾರ್ಟ್ ಅವರಿಗೆ ದಾರಿ ತೋರುತ್ತಾನೆ. ದುರ್ಬಲರ ನಡಿಗೆಗೆ ತಕ್ಕಂತೆ ಉಳಿದವರು ನಡೆಯುತ್ತಾರೆ. ಮೊದಲ ಭಾಗದಷ್ಟು ಪ್ರಸಿದ್ಧವಲ್ಲದಿದ್ದರೂ ಬನ್ಯನ್ನನ ಸಭಾಜೀವನದ ಅನುಭವ ಇಲ್ಲಿಯೇ ಹೆಚ್ಚು ಕಾಣುತ್ತದೆ. 'ದಿ ಹೋಲಿ ವಾರ್' (೧೬೮೨) ಕೃತಿಯಲ್ಲಿ ಮುತ್ತಿಗೆಗೆ ಒಳಗಾಗುವುದು ಮ್ಯಾನ್‌ಸೋಲ್ ಎಂಬ ಇಡೀ ಪಟ್ಟಣ.

ಬನ್ಯನ್ ಲಂಡನ್ನಿನಲ್ಲಿ ನಿಧನನಾದನು. ಸಮಾಧಿ ಅಲ್ಲಿನ ಬನ್‌ಹಿಲ್ ಫೀಲ್ಡ್ಸ್ ಸ್ಮಶಾನದಲ್ಲಿದೆ. ಅವನ ಯಾತ್ರಿಕನ ಕಥೆ ೧೯ನೆಯ ಶತಮಾನದಲ್ಲಿ 'ಯಾತ್ರಿಕನ ಸಂಚಾರ' ಎಂಬ ಹೆಸರಿನಿಂದ ಕನ್ನಡಕ್ಕೂ ಬಂದಿತು.